ಗವಿಪುರದ ಅರ್ಧ ಎಕರೆ

ಚಾಮರಾಜಪೇಟೆ, ಬೆಂಗಳೂರು
12 ಜುಲೈ 1998

ಮುನಿರಾಮಪ್ಪನವರಿಗೆ ನಮಸ್ಕಾರ.

ನನ್ನ ಹೆಸರು ಶರಣ್ಯ. ನಿಮಗೆ ನನ್ನ ಪರಿಚಯವಿಲ್ಲ. ನಮ್ಮ ಬೀದಿಗೆ ಬೆಳಿಗ್ಗೆ ಸೊಪ್ಪು ತರುವ ನಾರಾಯಣಮ್ಮ ನಿಮ್ಮ ತಮ್ಮನ ಮಗಳಂತೆ. ವಿಳಾಸ ಕೊಟ್ಟವರು ಅವರೇ. ನಿಮ್ಮ ಊರಿಗೆ ಇನ್ನೂ ಫೋನು ಬಂದಿಲ್ಲವೆಂದೂ, ಕಾಗದ ಬರೆದರೆ ನೀವು ಕನ್ನಡಕ ಹಾಕಿಕೊಂಡು ಎರಡು ಸಲ ಓದುತ್ತೀರೆಂದೂ ಹೇಳಿದರು.

ವಿಷಯ ಇಷ್ಟು. ಈ ವರ್ಷ ನನ್ನ ಬಿ.ಎಸ್‌ಸಿ. ಮುಗಿಯಿತು. ಕೊನೆಯ ವರ್ಷದ ಪ್ರಾಜೆಕ್ಟಿಗೆಂದು ನಾನೂ ನನ್ನ ಗೆಳತಿ ಆರಾಧನಾಳೂ ಒಂದು ಕಟ್ಟು ದಂಟಿನ ಸೊಪ್ಪಿನ ಜಾಡು ಹಿಡಿದು ಹೊರಟೆವು. ನಮ್ಮ ಅಡುಗೆಮನೆಯಿಂದ ನಾರಾಯಣಮ್ಮನ ಬುಟ್ಟಿಗೆ, ಬುಟ್ಟಿಯಿಂದ ಮಾರ್ಕೆಟ್ಟಿಗೆ, ಅಲ್ಲಿಂದ ಟೆಂಪೋ ಹತ್ತಿ ಊರಾಚೆಗೆ. ಆ ಸೊಪ್ಪು ಬೆಳೆದದ್ದು ಕಪ್ಪಗೆ ಹರಿಯುವ ಚರಂಡಿ ನೀರಿನಲ್ಲಿ. ವಾಪಸು ಬಂದು ಹೇಳಿದಾಗ ನಾರಾಯಣಮ್ಮ, “ನಂಗೂ ಗೊತ್ತು ಕಣವ್ವ. ನಮ್ಮನೇಲಿ ನಾವದನ್ನ ಬೇಯ್ಸಲ್ಲ,” ಅಂದರು.

ಆ ಮಾತು ತಲೆಯಿಂದ ಹೋಗಲಿಲ್ಲ. ಮೇ ತಿಂಗಳಲ್ಲಿ ನಾವು ಏಳು ಜನ ಸೇರಿ ಗವಿಪುರದ ಇಳಿಜಾರಿನಲ್ಲಿ, ಕಲ್ಲಿನ ಕಾಂಪೌಂಡಿನೊಳಗೆ ಖಾಲಿ ಬಿದ್ದಿದ್ದ ಅರ್ಧ ಎಕರೆಯಲ್ಲಿ ಕೆಲಸ ಶುರು ಮಾಡಿದೆವು. ಪಾರ್ಥೇನಿಯಂ ಕಿತ್ತು ಮುಗಿಸುವುದಕ್ಕೇ ಮೂರು ವಾರ ಹಿಡಿಯಿತು. ನಮ್ಮಲ್ಲಿ ಒಬ್ಬರೂ ಗುದ್ದಲಿ ಹಿಡಿದವರಲ್ಲ. ವಂಶಿ ಎಂಬ ಹುಡುಗ ಇಂಜಿನಿಯರಿಂಗ್ ಓದುತ್ತಿದ್ದಾನೆ; ಅವನು ಮಡಿಗಳನ್ನು ಸ್ಕೇಲು ಹಿಡಿದು ಅಳೆದು ಮಾಡಿದ. ಮಡಿಗಳು ಬಹಳ ಚೆಂದ ಇವೆ, ಗಿಡಗಳು ಇಲ್ಲ. ಅದರಲ್ಲೂ ಈಶಾನ್ಯದ ಮೂಲೆಯಲ್ಲಿ ಏನು ಹಾಕಿದರೂ ಎರಡು ಎಲೆ ಬಿಟ್ಟು ಹಳದಿಯಾಗಿ ಸಾಯುತ್ತದೆ. ಮೊನ್ನೆ ನಾರಾಯಣಮ್ಮ ಗೋಡೆಯಾಚೆಯಿಂದ ಇಣುಕಿ ನೋಡಿ, “ಇಲ್ಲಿ ನಮ್ಮ ದೊಡ್ಡಪ್ಪ ಹದಿನೆಂಟು ವರ್ಷ ತೋಟ ಮಾಡವ್ರೆ. ನನ್ನ ಕೇಳ್ಬೇಡಿ, ಅವ್ರನ್ನ ಕೇಳಿ,” ಅಂದರು.

ಅದಕ್ಕೇ ಕೇಳುತ್ತಿದ್ದೇನೆ. ಆ ಮೂಲೆಯಲ್ಲಿ ಏನಿದೆ? ಬಾವಿಯ ನೀರು ಕುಡಿಯುವಂಥದ್ದೇ? ನೀವು ಯಾವ ತಿಂಗಳಲ್ಲಿ ಏನು ಹಾಕುತ್ತಿದ್ದಿರಿ? ಬಿಡುವಾದಾಗ ಎರಡು ಸಾಲು ಬರೆದರೂ ಸಾಕು.

ಏಳು ಜನರ ಪರವಾಗಿ,
ಶರಣ್ಯ


ಹೊಸಕುಂಟೆ, ಮಾಲೂರು ತಾಲ್ಲೂಕು
2 ಆಗಸ್ಟ್ 1998

ಮಗಳು ಶರಣ್ಯಳಿಗೆ ಆಶೀರ್ವಾದಗಳು.

ನಿನ್ನ ಕಾಗದ ಎರಡು ಸಲವಲ್ಲ, ನಾಲ್ಕು ಸಲ ಓದಿದೆ. ಆ ಜಾಗವನ್ನು ಇಪ್ಪತ್ತನಾಲ್ಕು ವರ್ಷದಿಂದ ನೋಡಿಲ್ಲ. ಅದರ ಮೇಲೆ ಯಾವತ್ತೋ ಮನೆ ಎದ್ದಿರುತ್ತದೆ ಅಂದುಕೊಂಡಿದ್ದೆ.

ಈಶಾನ್ಯದ ಮೂಲೆ ಸುಣ್ಣದ ಗುಂಡಿ. ಕಾಂಪೌಂಡು ಕಟ್ಟಿದಾಗ ಅಲ್ಲೇ ಸುಣ್ಣ ಅರಳಿಸಿದ್ದರು. ನಾನೂ ಮೊದಲ ವರ್ಷ ಅಲ್ಲಿ ಬದನೆ ಹಾಕಿ ಕೈಸುಟ್ಟುಕೊಂಡೆ. ಮೊಳಕೈ ಆಳಕ್ಕೆ ಅಗೆದರೆ ಬಿಳೀ ಪದರ ಸಿಗುತ್ತದೆ. ಅದನ್ನು ತೆಗೆದು ಹೊರಗೆ ಹಾಕಿ, ಕೆಂಪಾಂಬುಧಿ ಕೆರೆಯ ಗೋಡುಮಣ್ಣು ತಂದು ತುಂಬಿಸಿ. ಬಾವಿಯ ನೀರು ಆಗ ಸಿಹಿ. ನಾನು ಏತದಲ್ಲಿ ಎತ್ತುತ್ತಿದ್ದೆ. ಬೇಸಿಗೆಯಲ್ಲಿ ಸಂಜೆ ಎತ್ತಬೇಡಿ, ಬೆಳಿಗ್ಗೆ ಎತ್ತಿ. ರಾತ್ರಿಯೆಲ್ಲಾ ಊರಿದ ನೀರು ಬೆಳಿಗ್ಗೆಗೆ ತುಂಬಿರುತ್ತದೆ.

ಮಡಿಯನ್ನು ಸ್ಕೇಲಿನಲ್ಲಿ ಅಳೆದ ಹುಡುಗನಿಗೆ ಹೇಳು, ಮಡಿ ನೀರಿನ ಮಾತು ಕೇಳಬೇಕು, ಸ್ಕೇಲಿನದ್ದಲ್ಲ. ಒಂದು ತಂಬಿಗೆ ನೀರು ಸುರಿದು ಅದು ಎತ್ತ ಹೋಗುತ್ತದೋ ನೋಡಿ, ಅದಕ್ಕೆ ಅಡ್ಡಲಾಗಿ ಬದು ಕಟ್ಟಿ.

ಈಗ ನನ್ನ ಸರದಿ. ನಮ್ಮೂರಲ್ಲಿ ಹೊಲಕ್ಕೆಲ್ಲಾ ನೀಲಗಿರಿ ನೆಟ್ಟು ಹುಡುಗರು ಕಾರ್ಖಾನೆಗೆ ಹೋಗುತ್ತಾರೆ. ನೀವು ಓದಿದ ಮಕ್ಕಳು, ಮಣ್ಣಿಗೆ ಯಾಕೆ ಬಂದಿರಿ? ಬೆಳೆದದ್ದನ್ನು ಏನು ಮಾಡುತ್ತೀರಿ? ನೀವೆಲ್ಲ ಯಾರ ಮನೆ ಮಕ್ಕಳು? ಬೀಗ ತೆಗೆದುಕೊಟ್ಟವರು ಯಾರು? ಎಲ್ಲಕ್ಕೂ ಉತ್ತರ ಬರಿ.

ಹೀಗೆಂದು ಬರೆದ,
ಮುನಿರಾಮಪ್ಪ


ಚಾಮರಾಜಪೇಟೆ
16 ಆಗಸ್ಟ್ 1998

ಮುನಿರಾಮಪ್ಪ ತಾತನಿಗೆ ನಮಸ್ಕಾರ.

ತಾತ ಅನ್ನಬಹುದು ತಾನೆ? ನಿಮ್ಮ ಕಾಗದವನ್ನು ತೋಟದಲ್ಲಿ ಎಲ್ಲರಿಗೂ ಗಟ್ಟಿಯಾಗಿ ಓದಿದೆ. ವಂಶಿ ಆಗಲೇ ತಂಬಿಗೆ ತಂದು ನೀರು ಸುರಿದ. ಅವನ ಮಡಿಗಳೆಲ್ಲ ತಪ್ಪು ದಿಕ್ಕಿಗಿದ್ದವು. ಸುಣ್ಣದ ಪದರ ನೀವು ಹೇಳಿದ ಆಳದಲ್ಲೇ ಸಿಕ್ಕಿತು, ಮೊಸರು ಹೆಪ್ಪುಗಟ್ಟಿದ ಹಾಗೆ. ಭಾನುವಾರವಿಡೀ ಎತ್ತಿ ಹಾಕಿದೆವು.

ಆದರೆ ಕೆರೆಯ ಗೋಡು ತರಲಾಗಲಿಲ್ಲ. ನೀವು ನೋಡಿದ ಕೆರೆ ಈಗಿಲ್ಲ ತಾತ. ಸುತ್ತಲಿನ ಕೊಳಚೆ ಬಂದು ಸೇರುತ್ತದೆ, ಹತ್ತಿರ ನಿಲ್ಲಲಾಗುವುದಿಲ್ಲ. ಅದಕ್ಕೆ ಆರಾಧನಾ ಬೇರೆ ದಾರಿ ಹುಡುಕಿದಳು. ಬಸವನಗುಡಿಯ ರಸ್ತೆಗಳಲ್ಲಿ ಕಸ ಗುಡಿಸುವವರು ಎಲೆಗಳನ್ನು ಗುಡ್ಡೆ ಮಾಡಿ ಸುಡುತ್ತಾರಲ್ಲ, ಅವರನ್ನು ಕೇಳಿ ಮೂಟೆಗಟ್ಟಲೆ ಎಲೆ ತಂದು, ಮನೆಮನೆಯ ಅಡುಗೆ ಕಸದ ಜೊತೆ ಕೊಳೆಸುತ್ತಿದ್ದೇವೆ. ಹದಿನೈದು ಮನೆಯವರು ಕಸ ಕೊಡುತ್ತಿದ್ದಾರೆ. ಬೆಳೆದದ್ದರಲ್ಲಿ ಅವರಿಗೊಂದು ಪಾಲು, ಕೆಲಸ ಮಾಡಿದವರಿಗೊಂದು ಪಾಲು. ಮಿಕ್ಕಿದರೆ ನಾರಾಯಣಮ್ಮನ ಬುಟ್ಟಿಗೆ. ಇಲ್ಲಿಯವರೆಗೆ ಮಿಕ್ಕಿಲ್ಲ.

ಮಣ್ಣಿಗೆ ಯಾಕೆ ಬಂದೆವು ಎಂದು ಕೇಳಿದಿರಿ. ಒಬ್ಬೊಬ್ಬರದು ಒಂದೊಂದು ಉತ್ತರ. ನನ್ನದು ಹೇಳುತ್ತೇನೆ. ಮೂರು ವರ್ಷ ಗಿಡಗಳ ಬಗ್ಗೆ ಓದಿದೆ. ಪರೀಕ್ಷೆಯಲ್ಲಿ ಬೇರಿನ ಚಿತ್ರ ಬಿಡಿಸಿ ಭಾಗಗಳನ್ನು ಗುರುತಿಸಿದೆ. ಆದರೆ ನಾನು ತಿನ್ನುವ ಒಂದು ತುತ್ತು ಎಲ್ಲಿಂದ ಬಂತೆಂದು ನನಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಸುಮ್ಮನಿರಲು ಆಗಲಿಲ್ಲ.

ಬೀಗ ತೆಗೆದುಕೊಟ್ಟವರು ನಮ್ಮ ತಾತ, ವೃಷಭೇಂದ್ರಪ್ಪ. ಅವೆನ್ಯೂ ರಸ್ತೆಯಲ್ಲಿ ನಮ್ಮ ಕಾಗದದ ಅಂಗಡಿ ಇದೆ. ಜಾಗ ನಮ್ಮದೇ, ಆದರೆ ತಾತನಿಗೂ ಅವರ ತಮ್ಮಂದಿರಿಗೂ ಪಾಲಿನ ವ್ಯಾಜ್ಯ ನಡೆಯುತ್ತಿರುವುದರಿಂದ ಏನೂ ಕಟ್ಟಿಲ್ಲ. ಕೀಲಿಕೈ ಕೇಳಿದಾಗ ಏನೂ ಕೇಳದೆ ಕೊಟ್ಟರು. ಆದರೆ ಇಲ್ಲಿಗೆ ಒಮ್ಮೆಯೂ ಬಂದಿಲ್ಲ. ಕರೆದರೆ ಕಾಲು ನೋವು ಅನ್ನುತ್ತಾರೆ. ಅದೇ ಕಾಲಿನಲ್ಲಿ ದಿನಾ ಅಂಗಡಿಗೆ ಹೋಗುತ್ತಾರೆ. ನಿಮಗೆ ಅವರ ಪರಿಚಯ ಇದ್ದಿರಬೇಕಲ್ಲವೇ?

ಉತ್ತರ ಕಾಯುತ್ತಾ,
ಶರಣ್ಯ


ಚಾಮರಾಜಪೇಟೆ
20 ಸೆಪ್ಟೆಂಬರ್ 1998

ತಾತ,

ಐದು ವಾರವಾಯಿತು, ನಿಮ್ಮ ಕಾಗದವಿಲ್ಲ. ಮೈ ಹುಷಾರಿಲ್ಲವೇ? ನಾರಾಯಣಮ್ಮನನ್ನು ಕೇಳಿದರೆ, “ಚೆನ್ನಾಗವ್ರೆ” ಅಂದು ಬುಟ್ಟಿ ತಲೆಗೇರಿಸಿಕೊಂಡು ಹೊರಟುಬಿಡುತ್ತಾರೆ. ನಾನು ಬರೆದದ್ದರಲ್ಲಿ ಏನಾದರೂ ತಪ್ಪಿತ್ತೇ? ಮೆಂತ್ಯ ಮತ್ತು ದಂಟು ಚೆನ್ನಾಗಿ ಬಂದಿವೆ. ಹೋದ ಭಾನುವಾರ ಹದಿನೈದು ಮನೆಗೂ ತಲಾ ಎರಡು ಕಟ್ಟು ಹಂಚಿದೆವು. ನಮ್ಮ ಮನೆಯಲ್ಲಿ ಬಸ್ಸಾರು ಮಾಡಿದಾಗ ನಮ್ಮ ತಾತ ಎರಡನೇ ಸಲ ಬಡಿಸಿಕೊಂಡರು, ಎಲ್ಲಿಯ ಸೊಪ್ಪು ಎಂದು ಮಾತ್ರ ಕೇಳಲಿಲ್ಲ.

ಶರಣ್ಯ


ಹೊಸಕುಂಟೆ
11 ಅಕ್ಟೋಬರ್ 1998

ಶರಣ್ಯಮ್ಮನವರಿಗೆ ನಮಸ್ಕಾರಗಳು.

ತಮ್ಮ ಎರಡು ಕಾಗದಗಳೂ ತಲುಪಿದವು. ಕೆಲಸದ ಮೇಲೆ ತಡವಾಯಿತು.

ಈಗ ಮೂಲಂಗಿ, ನವಿಲುಕೋಸು ಹಾಕಬಹುದು. ಮೂಲಂಗಿಯನ್ನು ಒತ್ತಾಗಿ ಹಾಕಬಾರದು. ಮೊಳೆತ ಮೇಲೆ ನಡುನಡುವೆ ಕಿತ್ತು ತೆಳುಮಾಡಬೇಕು. ಕಿತ್ತ ಎಳೆಸೊಪ್ಪು ಪಲ್ಯಕ್ಕಾಗುತ್ತದೆ. ಹುರುಳಿಕಾಯಿಯನ್ನು ಪಶ್ಚಿಮದ ಗೋಡೆ ಪಕ್ಕ ಹಾಕಿದರೆ ಒಳ್ಳೆಯದು. ರಸ್ತೆಯ ಎಲೆಯ ಗೊಬ್ಬರ ಎಷ್ಟು ದಿನಕ್ಕೆ ಕಳಿಯಿತು ತಿಳಿಸಿದರೆ ಒಳ್ಳೆಯದು. ನಾನು ಅದನ್ನು ಮಾಡಿ ನೋಡಿದವನಲ್ಲ.

ಯಜಮಾನರು ಆರೋಗ್ಯವಾಗಿದ್ದಾರೆಯೇ.

ಮುನಿರಾಮಪ್ಪ


ಚಾಮರಾಜಪೇಟೆ
22 ನವೆಂಬರ್ 1998

ಮುನಿರಾಮಪ್ಪ ತಾತನಿಗೆ,

ಹೋದ ಸಲ ನೀವು ನನ್ನನ್ನು ಮಗಳೇ ಎನ್ನಲಿಲ್ಲ, ಶರಣ್ಯಮ್ಮನವರು ಎಂದಿರಿ. ಅದನ್ನು ಕೈಯಲ್ಲಿ ಹಿಡಿದು ಒಂದು ತಿಂಗಳು ಯೋಚಿಸಿದೆ. ಹೋದ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ನಮ್ಮ ತಾತನ ಪಕ್ಕ ಜಗಲಿಯಲ್ಲಿ ಕೂತೆ.

“ತಾತ, ಮುನಿರಾಮಪ್ಪ ಅನ್ನೋರು ಗೊತ್ತಾ?”

ಓದುತ್ತಿದ್ದ ಪೇಪರು ಮಡಿಸಿದರು. “ಇನ್ನೂ ಇದಾನಾ?” ಅಂದವರು, ತಾವೇ ತಿದ್ದಿಕೊಂಡು, “ಇದಾರಾ?” ಅಂದರು.

“ಇದಾರೆ. ನಂಗೆ ಕಾಗದ ಬರೀತಾರೆ.”

“ಏನಂತ?”

“ಮೂಲಂಗಿ ಹೇಗೆ ಹಾಕ್ಬೇಕು ಅಂತ.”

“ಅಷ್ಟೇನಾ?”

“ಅಷ್ಟೇ.”

ಮಡಿಸಿದ ಪೇಪರನ್ನು ಮತ್ತೊಮ್ಮೆ ಮಡಿಸಿದರು. ಆಮೇಲೆ, “ಬೈದು ಬರೆದಿದ್ರೆ ಚೆನ್ನಾಗಿತ್ತು,” ಅಂದರು.

ಒಂದೊಂದೇ ಮಾತಾಗಿ ಹೊರಗೆ ಬಂತು. ಎಪ್ಪತ್ತನಾಲ್ಕರಲ್ಲಿ ಉಳುವವನೇ ಒಡೆಯ ಎಂಬ ಕಾನೂನು ಬಂದಾಗ ಅಂಗಡಿಯಲ್ಲಿ ಯಾರೋ, ನಿಮ್ಮ ಗವಿಪುರದ ತೋಟ ಹೋಯ್ತು ಬಿಡಿ ಅಂದರಂತೆ. ಎರಡು ದಿನ ನಿದ್ದೆ ಬರಲಿಲ್ಲವಂತೆ. ಮೂರನೆಯ ದಿನ ಬೆಳಿಗ್ಗೆ ನೀವು ಮಾರ್ಕೆಟ್ಟಿಗೆ ಹೋಗಿದ್ದಾಗ ಗೇಟಿಗೆ ಬೀಗ ಹಾಕಿಸಿ, ಬಾಗಿಲಲ್ಲಿ ಇಬ್ಬರನ್ನು ನಿಲ್ಲಿಸಿದರಂತೆ. ಒಳಗೆ ಹುರುಳಿಕಾಯಿ ಕೊಯ್ಲಿಗೆ ಬಂದಿತ್ತು. ಎರಡು ತಿಂಗಳ ಮೇಲೆ ವಕೀಲರು, ಊರೊಳಗಿನ ಇಂಥ ಜಾಗಕ್ಕೆ ಆ ಕಾನೂನು ತಾಗುವುದೇ ಇಲ್ಲ ಅಂದರಂತೆ. ಅಷ್ಟರಲ್ಲಿ ನೀವು ಊರು ಬಿಟ್ಟಿದ್ದಿರಿ.

“ಹುಡುಕಲಿಲ್ವಾ ತಾತ?” ಅಂದೆ.

“ಹುಡುಕಿದ್ರೆ ಸಿಕ್ಕಿಬಿಡ್ತಿದ್ರಲ್ಲಾ,” ಅಂದರು.

ಇದನ್ನು ತೋಟದಲ್ಲಿ ಎಲ್ಲರಿಗೂ ಹೇಳಿದೆ. ಮುಚ್ಚಿಡುವುದು ಸರಿ ಕಾಣಲಿಲ್ಲ. ವಂಶಿ ಗುದ್ದಲಿ ಕೆಳಗಿಟ್ಟು, “ಹಂಗಾದ್ರೆ ನಾವಿಲ್ಲಿ ಏನ್ ಮಾಡ್ತಿದೀವಿ? ಒಬ್ಬರನ್ನ ಓಡಿಸಿದ ಜಾಗದಲ್ಲಿ ಒಳ್ಳೇ ಊಟ ಬೆಳೀತಿದೀವಾ?” ಅಂದ. ಆರಾಧನಾ, “ನಿಲ್ಲಿಸಿದ್ರೆ ಅವರಿಗೇನ್ ಸಿಗುತ್ತೆ? ಮತ್ತೆ ಪಾರ್ಥೇನಿಯಂ ಬರುತ್ತೆ, ಅಷ್ಟೇ,” ಅಂದಳು. ಇಡೀ ವಾರ ಕೆಲಸ ಆಗಲಿಲ್ಲ, ಜಗಳವೇ ಆಯಿತು. ಕೊನೆಗೆ ಎಲ್ಲರೂ ಒಪ್ಪಿದ್ದು ಒಂದಕ್ಕೆ: ನಿಮ್ಮನ್ನೇ ಕೇಳಬೇಕು. ನಾವು ಮುಂದುವರಿಯಬೇಕೋ ಬಿಡಬೇಕೋ, ನೀವು ಹೇಳಿ. ಬಿಡಿ ಅಂದರೆ ಬಿಡುತ್ತೇವೆ.

ತಲೆತಗ್ಗಿಸಿ,
ಶರಣ್ಯ


ಹೊಸಕುಂಟೆ
20 ಡಿಸೆಂಬರ್ 1998

ಮಗಳೇ,

ನಿನ್ನ ತಲೆ ತಗ್ಗಬೇಕಾಗಿಲ್ಲ. ನೀನು ಆಗ ಹುಟ್ಟಿರಲೇ ಇಲ್ಲ.

ಆವತ್ತು ಮೂಟೆ ಮಾರಿ ಬೇಗ ಬಂದೆ, ಹುರುಳಿಕಾಯಿ ಬಿಡಿಸಲು ಆಳು ಹೇಳಿದ್ದೆ. ಗೇಟಿನಲ್ಲಿದ್ದವರು ಅಂಗಡಿಯ ಹುಡುಗರೇ. ನನ್ನ ಮುಖ ನೋಡಲಿಲ್ಲ. ನಾನು ಕೂಗಾಡಲಿಲ್ಲ. ಐದು ದಿನ ಬೆಳಿಗ್ಗೆ ಬಂದು ಎದುರಿನ ಮರದಡಿ ನಿಂತೆ, ಯಜಮಾನರು ಬರಬಹುದು, ಮಾತಾಡಬಹುದು ಅಂತ. ಗೋಡೆಯಾಚೆ ಕಾಯಿ ಬಲಿತು ಒಣಗುವುದು ನನಗೆ ಕಾಣದೆಯೂ ಕಾಣುತ್ತಿತ್ತು. ಆರನೆಯ ದಿನ ಹೆಂಡತಿ ಮಕ್ಕಳನ್ನು ಕರೆದುಕೊಂಡು ಮಾವನ ಊರಿಗೆ ಬಂದೆ. ಇಲ್ಲಿ ಬದುಕು ಕೆಡಲಿಲ್ಲ. ಮಾವ ಎರಡು ಎಕರೆ ಕೊಟ್ಟರು, ಮಕ್ಕಳು ದಡ ಸೇರಿದರು.

ಆ ಕಾನೂನಿನ ಅರ್ಜಿ ಹಾಕುವ ಯೋಚನೆ ನನಗೆ ಬಂದೇ ಇರಲಿಲ್ಲ ಅಂದರೆ ನಿಮ್ಮ ತಾತ ನಂಬುತ್ತಾರೋ ಇಲ್ಲವೋ. ಹದಿನೆಂಟು ವರ್ಷ ಅವರ ಮನೆಯ ಹಬ್ಬಕ್ಕೆ ಮೊದಲ ಕಾಯಿ ನಾನೇ ಕೊಟ್ಟವನು. ನನ್ನನ್ನು ಕರೆದು, ಮುನಿರಾಮಪ್ಪ, ಹೀಗೆ ಭಯವಾಗುತ್ತಿದೆ, ಏನು ಮಾಡಲಿ ಅಂತ ಒಂದು ಮಾತು ಕೇಳಿದ್ದರೆ, ಬೀಗ ನಾನೇ ತಂದುಕೊಡುತ್ತಿದ್ದೆ. ಜಾಗ ಹೋದದ್ದಲ್ಲ. ಕೇಳಲಿಲ್ಲವಲ್ಲ, ಅದು.

ನಿನ್ನ ಹೆಸರಿನ ಪಕ್ಕ ಅವರ ಹೆಸರು ಕಂಡಾಗ ಕಾಗದವನ್ನು ಒಲೆಗೆ ಹಾಕೋಣವೆನಿಸಿತು. ಹಾಕಲಿಲ್ಲ. ರಸ್ತೆಯ ಎಲೆ ಗೊಬ್ಬರವಾಗುತ್ತದೋ ಇಲ್ಲವೋ ತಿಳಿಯಬೇಕಿತ್ತು.

ಮುಂದುವರಿಯಿರಿ. ನೀವು ಬಿಟ್ಟರೆ ನನಗೇನೂ ವಾಪಸು ಬರುವುದಿಲ್ಲ, ಆ ಹುಡುಗಿ ಹೇಳಿದ್ದೇ ಸರಿ. ಆದರೆ ಗುದ್ದಲಿ ಕೆಳಗಿಟ್ಟ ಹುಡುಗನಿಗೂ ಹೇಳು, ಅವನು ಕೇಳಿದ್ದೂ ಸರಿ. ನಾನು ಮಾತ್ರ ಅಲ್ಲಿಗೆ ಬರಲಾರೆ. ಆ ಗೇಟಿನ ಮುಂದೆ ನನ್ನ ಕಾಲು ನಿಂತುಹೋಗುತ್ತದೆ.

ನಿಮ್ಮೆಲ್ಲರ ಒಳಿತು ಬಯಸುವ,
ಮುನಿರಾಮಪ್ಪ


ಚಾಮರಾಜಪೇಟೆ
15 ಜನವರಿ 1999

ಶ್ರೀ ಮುನಿರಾಮಪ್ಪನವರಿಗೆ, ವೃಷಭೇಂದ್ರಪ್ಪ ಮಾಡುವ ಶರಣಾರ್ಥಿಗಳು.

ತಾವು ಮೊಮ್ಮಗಳಿಗೆ ಬರೆದ ಕಾಗದವನ್ನು ಅವಳು ನನ್ನ ಮುಂದಿಟ್ಟು ಹೊರಗೆ ಹೋದಳು. ಓದಿದೆ. ತಮ್ಮ ಮಾತನ್ನು ನಂಬುತ್ತೇನೆ. ಆಗಲೂ ನಂಬಬಹುದಿತ್ತು. ಐದು ದಿನ ತಾವು ಮರದಡಿ ನಿಂತದ್ದು ನನಗೆ ತಿಳಿದಿತ್ತು. ಐದು ದಿನವೂ ನಾನು ಬೇರೆ ದಾರಿಯಿಂದ ಅಂಗಡಿಗೆ ಹೋದೆ. ಇದನ್ನು ಇಂದಿನವರೆಗೆ ಯಾರಿಗೂ ಹೇಳಿಲ್ಲ.

ಹೋದ ತಿಂಗಳು ತಮ್ಮಂದಿರ ಜೊತೆ ಪಾಲು ಇತ್ಯರ್ಥವಾಯಿತು. ಗವಿಪುರದ ಜಾಗ ಮೂರು ಭಾಗ. ಎರಡು ಭಾಗದಲ್ಲಿ ಅವರು ಕಟ್ಟಡ ಎಬ್ಬಿಸುತ್ತಾರೆ, ನಾನು ತಡೆಯಲಾರೆ. ಬಾವಿಯಿರುವ ಭಾಗ ನನ್ನದು. ಅದನ್ನು ಈ ಮಕ್ಕಳಿಗೆ ಬರವಣಿಗೆಯಲ್ಲಿ ಬಿಟ್ಟುಕೊಡಬೇಕೆಂದಿದ್ದೇನೆ. ಕಾಗದಪತ್ರ ಸಿದ್ಧವಿದೆ, ಸಹಿ ಹಾಕಿಲ್ಲ. ತಾವು ಹದಿನೆಂಟು ವರ್ಷ ಹಸನು ಮಾಡಿದ ಮಣ್ಣು. ತಮ್ಮನ್ನು ಕೇಳದೆ ಹಾಕಲಾರೆ. ತಾವು ಬೇಡವೆಂದರೂ, ತಮಗೇ ಬೇಕೆಂದರೂ ನನ್ನ ಒಪ್ಪಿಗೆ ಇದೆ.

ಕಾಗದದ ವ್ಯಾಪಾರ ಮಾಡಿದ ನನಗೆ ಇದೊಂದು ಕಾಗದ ಬರೆಯಲು ಇಷ್ಟು ವರ್ಷ ಹಿಡಿಯಿತು.

ತಮ್ಮ,
ವೃಷಭೇಂದ್ರಪ್ಪ


ಚಾಮರಾಜಪೇಟೆ
2 ಮಾರ್ಚ್ 1999

ತಾತ,

ನೀವು ಹೀಗೆ ಮಾಡಬಹುದೇ? ನಾನು ನೆಂಟರ ಮದುವೆಗೆಂದು ತುಮಕೂರಿಗೆ ಹೋದ ಭಾನುವಾರವೇ ಹೇಳದೆ ಬಂದು ಹೋಗಿದ್ದೀರಿ. ನಿಮ್ಮ ಮುಖ ಹೇಗಿದೆಯೆಂದು ಎಂಟು ತಿಂಗಳಿಂದ ಊಹಿಸುತ್ತಿದ್ದೆ. ಈಗ ಎಲ್ಲರೂ ನೋಡಿದ್ದಾರೆ, ನನ್ನೊಬ್ಬಳನ್ನು ಬಿಟ್ಟು.

ಆರಾಧನಾ ಹೇಳಿದ್ದು ಇಷ್ಟು. ಸೊಪ್ಪು ಹಂಚುವ ಹೊತ್ತಿಗೆ ಪಂಚೆಯುಟ್ಟ ಹಿರಿಯರೊಬ್ಬರು ಗೇಟಿನ ಹೊರಗೆ ಬಹಳ ಹೊತ್ತು ನಿಂತಿದ್ದರಂತೆ. ಇವಳು, “ಯಾವ ಮನೆ ತಾತ? ಕಸ ತಂದಿದೀರಾ?” ಅಂದಳಂತೆ. ನೀವು ಇಲ್ಲ ಅಂದಿರಂತೆ. “ಪರವಾಗಿಲ್ಲ ಬನ್ನಿ, ಮುಂದಿನ ವಾರ ತನ್ನಿ,” ಅಂದು ಕೈಹಿಡಿದು ಒಳಗೆ ಕರೆದುಕೊಂಡಳಂತೆ. ಒಳಗೆ ಬಂದವರು ವಂಶಿ ಕಟ್ಟುತ್ತಿದ್ದ ಸೊಪ್ಪಿನ ಕಟ್ಟು ಬಿಚ್ಚಿ, “ಹಿಂಗ್ ಕಟ್ಟಿದ್ರೆ ಮಧ್ಯಾಹ್ನಕ್ಕೇ ಬಾಡ್ತದೆ ಕಣಪ್ಪ,” ಅಂದು ಕೂತು ಐವತ್ತು ಕಟ್ಟು ಕಟ್ಟಿದಿರಂತೆ. ಆಮೇಲೆ ಅವನಿಗೆ ನೀವು ಯಾರೆಂದು ಹೊಳೆಯಿತಂತೆ. ಸೈಕಲ್ ಹತ್ತಿ ನಮ್ಮ ಮನೆಗೆ ಓಡಿ ಬಂದು ನಮ್ಮ ತಾತನಿಗೆ ಹೇಳಿದನಂತೆ. ತಾತ ಚಪ್ಪಲಿಯನ್ನೂ ಹಾಕಿಕೊಳ್ಳದೆ ಆಟೋ ಹತ್ತಿದರೆಂದು ಅಮ್ಮ ಹೇಳಿದರು.

ಪಶ್ಚಿಮದ ಎರಡು ಭಾಗಕ್ಕೆ ಏಪ್ರಿಲ್‌ನಲ್ಲಿ ಪಾಯ ತೋಡುತ್ತಾರೆ. ಎಲ್ಲರಿಗೂ ಬೇಸರವಿದೆ. ಆದರೆ ಕಸ ಕೊಡುವ ಮನೆಗಳಲ್ಲಿ ಆರು ಮನೆಯವರು ತಮ್ಮ ಹಿತ್ತಲು ಅಗೆಯಲು ಒಪ್ಪಿದ್ದಾರೆ. ವಂಶಿ ಈಗ ಪ್ರತಿ ಹಿತ್ತಲಿಗೂ ತಂಬಿಗೆ ಹಿಡಿದು ಹೋಗುತ್ತಾನೆ. ಬಾವಿಯ ಭಾಗದ ಪತ್ರಕ್ಕೆ ನಮ್ಮ ತಾತ ಸಹಿ ಹಾಕಿದರು. ನೀವು ಹೂಂ ಅಂದಿರೆಂದು ಅದರಿಂದಲೇ ಗೊತ್ತಾಯಿತು.

ಆದರೆ ನೀವಿಬ್ಬರೂ ಬಾವಿಯ ಹತ್ತಿರ ಕೂತು ಏನು ಮಾತಾಡಿದಿರಿ? ಆರಾಧನಾ ದೂರದಿಂದ ನೋಡಿದಳಂತೆ, ಕೇಳಿಸಲಿಲ್ಲವಂತೆ. ತಾತನನ್ನು ಕೇಳಿದರೆ ಪೇಪರು ಬಿಡಿಸುತ್ತಾರೆ. ನೀವಾದರೂ ಹೇಳಿ.

ನಿಮ್ಮನ್ನು ಇನ್ನೂ ನೋಡದ,
ಶರಣ್ಯ


ಹೊಸಕುಂಟೆ
14 ಮಾರ್ಚ್ 1999

ಮಗಳೇ,

ದೊಡ್ಡ ಮಾತೇನೂ ಆಡಲಿಲ್ಲ. ಬರೆದಿದ್ದನ್ನು ಮತ್ತೆ ಬಾಯಲ್ಲಿ ಹೇಳಲು ಇಬ್ಬರಿಗೂ ಆಗಲಿಲ್ಲ. ಮಂಡಿ ನೋವಿಗೆ ಏನು ಹಚ್ಚುತ್ತೀರಿ ಅಂತ ನಾನು ಕೇಳಿದೆ, ಹೇಳಿದರು.

ಪಕ್ಕದ ಮಡಿಯಲ್ಲಿ ಮಕ್ಕಳು ಹುರುಳಿಕಾಯಿ ಬೀಜ ಊರುತ್ತಿದ್ದರು. ಯಜಮಾನರು ಸ್ವಲ್ಪ ಹೊತ್ತು ನೋಡಿ, “ಮುನಿರಾಮಪ್ಪ, ಬೀಜ ಎಷ್ಟು ಆಳಕ್ಕೆ ಹಾಕ್ಬೇಕು?” ಅಂದರು. ಅವರು ಬಾಯಿಬಿಟ್ಟು ನನ್ನನ್ನು ಏನಾದರೂ ಕೇಳಿದ್ದು ಅದೇ ಮೊದಲು. ಬೆರಳಿನ ಒಂದು ಗೆಣ್ಣಿನಷ್ಟು ಅಂದೆ. ಅವರು ಬಗ್ಗಿ ಬೆರಳು ಊರಿದರು. ಮಣ್ಣು ತಣ್ಣಗಿದೆ ಅಂದರು, ಗೊತ್ತೇ ಇರದವರ ಹಾಗೆ. ಎಪ್ಪತ್ತೆಂಟು ವರ್ಷಕ್ಕೆ ಮೊದಲ ಸಲ ಇರಬೇಕು. ನಾನೂ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ತೋರಿಸಿಕೊಟ್ಟೆ. ಒಂದು ಸಾಲು ಪೂರ್ತಿ ಹಾಕಿದೆವು. ಏಳಲು ಹೋದರೆ ಇಬ್ಬರಿಗೂ ಆಗಲಿಲ್ಲ. ಒಬ್ಬರ ಭುಜ ಒಬ್ಬರು ಹಿಡಿದರೂ ಆಗಲಿಲ್ಲ. ಆ ಹುಡುಗ ವಂಶಿ ಬಂದು ಎತ್ತಬೇಕಾಯಿತು. ಯಜಮಾನರು ನಕ್ಕರು. ನನಗೂ ತಡೆಯಲಾಗಲಿಲ್ಲ.

ಅವರು ಹಾಕಿದ ಸಾಲು ಸ್ವಲ್ಪ ಆಳವಾಯಿತೇನೋ ಎಂದು ನನಗೆ ಅನುಮಾನ. ಅಲ್ಲಿ ಹೇಳಲಿಲ್ಲ. ಇಷ್ಟು ಹೊತ್ತಿಗೆ ಮೊಳಕೆ ಬಂದಿರಬೇಕು. ಬಂತೋ ಇಲ್ಲವೋ ನೀನು ಬರೆಯಬೇಡ. ಅವರೇ ಹೋಗಿ ನೋಡಿ, ಅವರೇ ಬರೆಯಲಿ.

ಮುನಿರಾಮಪ್ಪ